ಸಹಕಾರ ಪಿತಾಮಹ ಮೊಳಹಳ್ಳಿ ಶಿವರಾಯರು ಮತ್ತು ರೈತನ ಅನ್ನ

ಗದಗಿನ ಸಮೀಪದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ ವೃತ್ತಾಂತವು ಬಯಲುಸೀಮೆಯ ಜನರಿಗೆ ಚಿರಪರಿಚಿತವಾದುದು. ಅದಾದ ನಾಲ್ಕೇ ವರ್ಷಗಳಲ್ಲಿ, ಘಟ್ಟದ ಕೆಳಗಿನ ಪುತ್ತೂರೆಂಬ ಸಣ್ಣ ಪಟ್ಟಣದಲ್ಲಿ ಅಂತಹುದೇ ಇನ್ನೊಂದು ದೀಪವನ್ನು ಹೊತ್ತಿಸಿದ ಮಹನೀಯರು ಮೊಳಹಳ್ಳಿ ಶಿವರಾಯರು. ದಕ್ಷಿಣ ಕನ್ನಡದ ಜನತೆ ಅವರನ್ನು ಸಹಕಾರ ಪಿತಾಮಹರೆಂದು ಕರೆಯಿತು. ಅವರು ಕಟ್ಟಿದ ಬ್ಯಾಂಕು, ಸಂಘ, ಶಾಲೆಗಳ ಹೆಸರುಗಳನ್ನು ಎಣಿಸಿ ಅವರ ಜೀವನಚರಿತ್ರೆಯನ್ನು ಮುಗಿಸುವುದು ವಾಡಿಕೆ. ಆದರೆ ಸಾಲದ ಲೆಕ್ಕದ ಪುಸ್ತಕದ ಹಿಂದೆ ರೈತನ ಮನೆಯ ಅಡುಗೆಯ ಒಲೆಯಿದ್ದಿತೆಂಬುದನ್ನು ಮರೆತರೆ ಶಿವರಾಯರು ಮಾಡಿದ ಕಾರ್ಯದ ತಿರುಳೇ ಕೈತಪ್ಪಿ ಹೋಗುತ್ತದೆ.

ಶಿವರಾಯರು ಜನಿಸಿದ್ದು ೧೮೮೦ರ ಆಗಸ್ಟ್ ೪ರಂದು. ಅವರ ಹೆಸರಿನೊಡನೆ ಸೇರಿರುವ ಮೊಳಹಳ್ಳಿಯು ಕುಂದಾಪುರ ಸೀಮೆಯ ಗ್ರಾಮ. ಅವರ ಕರ್ಮಭೂಮಿಯಾದರೋ ಪುತ್ತೂರು. ಅಲ್ಲಿ ಅವರು ವಕೀಲಿ ವೃತ್ತಿಯನ್ನು ಕೈಗೊಂಡರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಈಗಿನ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಅಂದು ಪ್ರತ್ಯೇಕ ಅಸ್ತಿತ್ವವಿರಲಿಲ್ಲ. ಎಲ್ಲವೂ ಉಪ್ಪಿನಂಗಡಿ ತಾಲೂಕೆಂಬ ಒಂದೇ ಹೆಸರಿನಡಿ ಅಡಗಿದ್ದವು. ಪಶ್ಚಿಮ ಘಟ್ಟದ ಬುಡದಿಂದ ನೇತ್ರಾವತಿಯ ದಂಡೆಯವರೆಗೆ ಹಬ್ಬಿದ ಈ ಕಾಡುಸೀಮೆಯಲ್ಲಿ ಊರೆಂದರೆ ಬಯಲುಸೀಮೆಯ ಹಾಗೆ ಒತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಗುಡ್ಡದ ಒಂದೊಂದು ಮಗ್ಗುಲಿಗೆ ಒಂದೊಂದು ಮನೆ; ಅದರ ಕೆಳಗೆ ಗದ್ದೆ, ತೋಡು, ಸ್ವಲ್ಪ ಅಡಿಕೆ ತೋಟ. ಮಳೆಗಾಲದಲ್ಲಿ ಕುಮಾರಧಾರೆ ತುಂಬಿತೆಂದರೆ ಕಡಬದ ಕಡೆಯವರಿಗೆ ಪುತ್ತೂರಿನ ಪೇಟೆಯೇ ಇಲ್ಲ. ಪಯಸ್ವಿನಿ ಉಕ್ಕಿದರೆ ಸುಳ್ಯದವರ ಗತಿಯೂ ಅದೇ. ವರ್ಷದ ಮೂರು ನಾಲ್ಕು ತಿಂಗಳು ಮನೆಯೊಳಗೆ ಏನು ಕೂಡಿಟ್ಟಿದ್ದಾರೋ ಅದನ್ನೇ ಉಂಡು ಬದುಕಬೇಕಾದ ಪ್ರದೇಶವದು.

ಆ ಕೂಡಿಡುವ ವಿದ್ಯೆಯಲ್ಲಿ ಅಲ್ಲಿಯ ಗೃಹಿಣಿಯರು ನಿಪುಣೆಯರು. ಗದ್ದೆಗಳು ನೀರಿನ ಆಸರೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ಬೆಳೆಗಳು ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು. ಮೂರು ಬೆಳೆಯೂ ಬರುವ ಗದ್ದೆ ಭಾಗ್ಯವಂತರಿಗೆ ಮಾತ್ರ. ಬೆಟ್ಟುಗದ್ದೆಯವನಿಗೆ ಮಳೆಯ ಒಂದೇ ಬೆಳೆ. ಭತ್ತವನ್ನು ಬೇಯಿಸಿ, ಒಣಗಿಸಿ, ಒನಕೆಯಿಂದ ಕುಟ್ಟಿದ ಕುಚ್ಚಲಕ್ಕಿಯೇ ನಿತ್ಯದ ಆಹಾರ. ಅದರ ಗಂಜಿ, ಉಪ್ಪಿನಕಾಯಿ ಅಥವಾ ಚಟ್ನಿ ಇದ್ದರೆ ದುಡಿಯುವವನಿಗೆ ಹೊತ್ತು ಕಳೆಯುತ್ತಿತ್ತು. ಭತ್ತವನ್ನು ಹೊಟ್ಟು ಸಹಿತ ಬೇಯಿಸುವಾಗ ಸಿಪ್ಪೆಯ ಜೀವಸತ್ವವು ಕಾಳಿನೊಳಕ್ಕೆ ಇಳಿಯುತ್ತದೆಂಬ ವಿಷಯವು ಮುಂದೆ ಇದೇ ಮದರಾಸು ಪ್ರಾಂತದ ಕೂನೂರಿನಲ್ಲಿದ್ದ ಪೌಷ್ಟಿಕಾಹಾರ ಪ್ರಯೋಗಾಲಯದ ಸಂಶೋಧನೆಗಳಿಂದಲೂ ದೃಢಪಟ್ಟಿತು. ಬೆಳ್ತಿಗೆ ಅಕ್ಕಿಯನ್ನು ಯಂತ್ರದಲ್ಲಿ ನುಣುಪಾಗಿ ತೀಡಿಸಿ ಉಣ್ಣುವವರನ್ನು ಕಾಡಿದ ಬೆರಿಬೆರಿ ಎಂಬ ವ್ಯಾಧಿ ಕುಚ್ಚಲಕ್ಕಿ ಉಣ್ಣುವವರಲ್ಲಿ ವಿರಳ. ಆ ತಾಯಂದಿರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರ ಒಲೆಯ ಮೇಲೆ ಅದು ನಡೆದಿತ್ತು.

ಬೇಸಿಗೆ ಮುಗಿಯುವುದರೊಳಗಾಗಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವರು, ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿ ಮೂಲೆಯಲ್ಲಿ ರಾಶಿ ಹಾಕುವರು, ಮಾವಿನಕಾಯಿಯನ್ನು ಉಪ್ಪುನೀರಿನ ಭರಣಿಗೆ ಇಳಿಸುವರು, ಹಪ್ಪಳ ಒತ್ತುವರು. ಮೀನು ತಿನ್ನುವ ಮನೆಗಳಲ್ಲಿ ಒಣಮೀನು ಅಟ್ಟ ಏರುವುದು. ಮಳೆ ಹಿಡಿದ ಮೇಲೆ ಗುಡ್ಡದಿಂದ ಕಣಿಲೆ, ತಗಟೆ ಸೊಪ್ಪು, ಕೆಸುವಿನ ಎಲೆ ಬರುತ್ತಿದ್ದವು. ಕೆಸುವಿನೆಲೆಗೆ ಅಕ್ಕಿಹಿಟ್ಟು ಸವರಿ ಸುತ್ತಿ ಬೇಯಿಸಿದ ಪತ್ರೊಡೆಯು ಇಂದು ಹೋಟೆಲಿನ ವಿಶೇಷ ತಿಂಡಿಯಾಗಿದೆ. ಅಂದು ಅದು ಅಕ್ಕಿಯನ್ನು ಎಲೆಯಿಂದ ಹಿಗ್ಗಿಸುವ ಉಪಾಯ. ಇಷ್ಟೆಲ್ಲ ಇದ್ದರೂ ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ, ಬಡವನಿಗೆ ಗಂಡಾಂತರವೇ. ಹಳೆಯ ಭತ್ತ ತೀರಿರುತ್ತದೆ, ಏಣೇಲು ಪೈರು ಇನ್ನೂ ಹಸಿರು. ನಾಟಿ ಮುಗಿದುದರಿಂದ ಕೂಲಿಯೂ ಇಲ್ಲ. ಆ ತಿಂಗಳಲ್ಲಿಯೇ ರೈತನು ಸಾಲಕ್ಕೆ ಹೊರಡುತ್ತಿದ್ದನು.

ಆ ಸಾಲದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬೈಹುಲ್ಲಿನಲ್ಲಿ ಉಂಡೆಯಾಗಿ ಬಿಗಿದ ಅಕ್ಕಿಮುಡಿಯೇ ಆ ನಾಡಿನ ಅಳತೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ ೪೨ ಸೇರು. ಗೇಣಿಯೂ ಮುಡಿಯಲ್ಲಿಯೇ, ಸಾಲವೂ ಮುಡಿಯಲ್ಲಿಯೇ. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವನನ್ನು ಒಡೆಯನು ಬೇಕೆಂದಾಗ ಎಬ್ಬಿಸಬಹುದಿತ್ತು. ಅಕ್ಕಿಗೆ ಬೆಲೆ ಏರಿದ ಆಟಿಯಲ್ಲಿ ಸಾಹುಕಾರನಿಂದ ಮುಡಿ ತಂದವನು, ಬೆಲೆ ಇಳಿದ ಕೊಯ್ಲಿನ ಕಾಲದಲ್ಲಿ ಅದನ್ನು ಬಡ್ಡಿ ಸಹಿತ ಅಳೆದು ಕೊಡಬೇಕು. ಅಂಗಳದಲ್ಲಿ ತೆನೆ ಬಡಿಯುವಾಗಲೇ ಗೇಣಿಯ ಮುಡಿ ಒಂದು ಕಡೆ, ಸಾಲದ ಮುಡಿ ಇನ್ನೊಂದು ಕಡೆ ಹೋಗಿ, ಉಳಿದುದು ಪತ್ತಾಯದ ತಳಕ್ಕೂ ಸಾಲದು. ಮರುವರ್ಷದ ಆಟಿಯಲ್ಲಿ ಅವನು ತಾನೇ ಬೆಳೆದ ಅಕ್ಕಿಯನ್ನು ಮತ್ತೆ ಸಾಲವಾಗಿ ತರುತ್ತಿದ್ದನು. ಅಡಿಕೆಯುಳ್ಳವನ ಪಾಡು ಇದಕ್ಕಿಂತ ಬಹಳ ಮೇಲಾಗಿರಲಿಲ್ಲ. ಮಂಗಳೂರಿನ ಬಂಡಸಾಲೆಯ ವರ್ತಕರಿಂದ ಮುಂಗಡ ತಂದವನು, ಚಾಲಿ ಒಣಗುವ ಮೊದಲೇ ಅದನ್ನು ಅವರಿಗೆ ಬರೆದುಕೊಟ್ಟಾಗಿರುತ್ತಿತ್ತು. ಅನ್ನವು ಮನೆಯ ಗದ್ದೆಯಲ್ಲಿ ಬೆಳೆದರೂ ಮನೆಯ ಮಡಕೆಗೆ ಬರುವ ಮುನ್ನ ಸಾಲದ ಪತ್ರದ ಅಪ್ಪಣೆ ಬೇಕಾಗಿತ್ತು.

ವಕೀಲರಾದವರಿಗೆ ಈ ಪತ್ರಗಳು ನಿತ್ಯದ ದರ್ಶನ. ದಾವೆ, ಡಿಕ್ರಿ, ಜಪ್ತಿ, ಹರಾಜು ಇವುಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಒಂದು ಕುಟುಂಬವು ಭೂಮಿಯಿಂದ ಬೀದಿಗೆ ಬರುವುದನ್ನು ನ್ಯಾಯಾಲಯದ ಆವರಣದಲ್ಲಿ ನಿಂತವರು ಕಾಣದಿರಲಾರರು. ಇಂತಹ ವ್ಯಾಜ್ಯಗಳಿಂದ ವಕೀಲರಿಗೆ ವರಮಾನವೂ ಉಂಟೆಂಬುದನ್ನು ನೆನೆದರೆ ಶಿವರಾಯರು ಆರಿಸಿಕೊಂಡ ದಾರಿಯ ಬೆಲೆ ತಿಳಿಯುತ್ತದೆ. ಸಾಲದ ದಾವೆಗಳ ಮೂಲವನ್ನೇ ಕಡಿಯುವ ಕೆಲಸಕ್ಕೆ ಅವರು ಕೈಹಾಕಿದರು.

ಅದಕ್ಕೆ ಸಾಧನವೂ ಆಗಷ್ಟೇ ದೊರೆತಿತ್ತು. ಮದರಾಸು ಸರಕಾರದ ಪರವಾಗಿ ಯುರೋಪಿನ ಗ್ರಾಮೀಣ ಬ್ಯಾಂಕುಗಳನ್ನು ಅಧ್ಯಯನ ಮಾಡಿದ ಫ್ರೆಡರಿಕ್ ನಿಕಲ್ಸನ್ನರ ವರದಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಬಂದಿತ್ತು. ಅದರ ಬೆನ್ನಿಗೆ ೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದಿತು. ನಿಕಲ್ಸನ್ನರು ಆದರ್ಶವೆಂದು ತೋರಿಸಿದ್ದು ಜರ್ಮನಿಯ ರೈಫೈಸನ್ನರ ಮಾರ್ಗವನ್ನು. ರೈಫೈಸನ್ನರ ಕಾರ್ಯವೂ ಹಸಿವಿನಿಂದಲೇ ಮೊದಲಾದುದು ಇಲ್ಲಿ ಸ್ಮರಣೀಯ. ೧೮೪೬-೪೭ರ ಚಳಿಗಾಲದಲ್ಲಿ ಬೆಳೆ ಕೆಟ್ಟು ಧಾನ್ಯದ ಬೆಲೆ ಏರಿದಾಗ, ವೈಯರ್‌ಬುಷ್ ಎಂಬ ಹಳ್ಳಿಗಳ ಆಡಳಿತಗಾರರಾಗಿದ್ದ ಅವರು ಅನುಕೂಲಸ್ಥರಿಂದ ಹಣ ಕೂಡಿಸಿ, ಒಲೆ ಕಟ್ಟಿಸಿ, ಬಡವರಿಗೆ ಸಾಲದ ಮೇಲೆ ರೊಟ್ಟಿ ಕೊಡುವ ಸಂಘವನ್ನು ಏರ್ಪಡಿಸಿದ್ದರು. ಇಂಗ್ಲೆಂಡಿನ ರಾಕ್‌ಡೇಲಿನ ನೇಕಾರರು ೧೮೪೪ರಲ್ಲಿ ತೆರೆದ ಮೊದಲ ಸಹಕಾರಿ ಅಂಗಡಿಯಲ್ಲಿದ್ದುದೂ ಹಿಟ್ಟು, ಬೆಣ್ಣೆ, ಸಕ್ಕರೆಯಂತಹ ಅಡುಗೆಮನೆಯ ಸಾಮಾನುಗಳೇ. ಸಹಕಾರವು ಬ್ಯಾಂಕಿನ ರೂಪ ತಾಳಿದ್ದು ಆಮೇಲೆ.

೧೯೦೯ರಲ್ಲಿ ಶಿವರಾಯರ ನೇತೃತ್ವದಲ್ಲಿ ಪುತ್ತೂರಿನ ಸಹಕಾರ ಪತ್ತಿನ ಸಂಘವು ಜನ್ಮತಾಳಿತು. ಮುಂದೆ ಅದೇ ಪುತ್ತೂರು ಕೋಓಪರೇಟಿವ್ ಟೌನ್ ಬ್ಯಾಂಕ್ ಎಂದು ಹೆಸರಾಗಿ ಶತಮಾನೋತ್ಸವವನ್ನೂ ಕಂಡಿತು. ಗ್ರಾಮಗಳಲ್ಲಿ ಸಂಘಗಳು ಹುಟ್ಟಬೇಕಾದರೆ ಮಾತ್ರ ಕಾನೂನಿನ ಪುಸ್ತಕವಷ್ಟೇ ಸಾಲದು. ಗ್ರಾಮಸಂಘದ ಹೊಣೆ ಅಪರಿಮಿತವಾದುದು. ಒಬ್ಬನು ಸಾಲ ತೀರಿಸದಿದ್ದರೆ ಉಳಿದವರೆಲ್ಲರ ಆಸ್ತಿಯೂ ಅದಕ್ಕೆ ಹೊಣೆ. ನೆರೆಮನೆಯು ಗುಡ್ಡದ ಆಚೆಗಿರುವ ಊರಿನಲ್ಲಿ, ಒಬ್ಬನ ನಡತೆಗೆ ಇನ್ನೊಬ್ಬನು ಜಾಮೀನಾಗಿ ನಿಲ್ಲುವಷ್ಟು ವಿಶ್ವಾಸವನ್ನು ಹುಟ್ಟಿಸುವುದು ಸಾಮಾನ್ಯ ಕಾರ್ಯವಲ್ಲ. ರೈತನು ಸಂಘದ ಬಾಗಿಲಿಗೆ ಬಂದರೆ ಸಾಹುಕಾರನು ಮುನಿಯುವನೆಂಬ ಭಯವಂತೂ ಇದ್ದೇ ಇತ್ತು. ಹಾಗೂ ಸಂಘಗಳು ಎದ್ದವು. ಅವು ಕೊಟ್ಟ ಸಾಲ ಹಣದ ರೂಪದ್ದು, ಬಡ್ಡಿ ನಿಶ್ಚಿತ, ತೀರಿಸುವ ಅವಧಿಯು ಬೆಳೆ ಬಂದ ಮೇಲೆ. ಆದಕಾರಣ ರೈತನು ತನ್ನ ಭತ್ತವನ್ನು ಕೊಯ್ಲಿನ ದಿನವೇ ಅಳೆದು ಕಳುಹಿಸುವ ನಿರ್ಬಂಧದಿಂದ ಬಿಡುಗಡೆ ಹೊಂದಿದನು. ಎರಡು ತಿಂಗಳು ಪತ್ತಾಯದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ಅಥವಾ ಮಾರದೆ ಉಣ್ಣಬಹುದು. ಈ ಎರಡನೆಯ ಸ್ವಾತಂತ್ರ್ಯವು ಬ್ಯಾಂಕುಗಳ ವಾರ್ಷಿಕ ವರದಿಗಳಲ್ಲಿ ಅಂಕಿಯಾಗಿ ಕಾಣಿಸುವಂತಹುದಲ್ಲ.

೧೯೧೨ರ ಹೊಸ ಕಾನೂನು ಸಂಘಗಳ ಮೇಲೆ ಕೇಂದ್ರ ಬ್ಯಾಂಕುಗಳನ್ನು ಕಟ್ಟಲು ಅವಕಾಶವಿತ್ತಿತು. ಶಿವರಾಯರು ತಡಮಾಡಲಿಲ್ಲ. ೧೯೧೪ರಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಕಾರ್ಯಾರಂಭ ಮಾಡಿದ್ದು ಜಿಲ್ಲೆಯ ಮುಖ್ಯಪಟ್ಟಣವಾದ ಮಂಗಳೂರಿನಲ್ಲಲ್ಲ, ಪುತ್ತೂರಿನಲ್ಲಿ. ಜಿಲ್ಲೆಗೆಲ್ಲ ಹಣ ಹಂಚುವ ಸಂಸ್ಥೆಯು ಕಾಡಿನ ಅಂಚಿನ ಊರಿನಲ್ಲಿ ತಲೆಯೆತ್ತಿದ್ದು ಅಂದಿನ ಕಾಲಕ್ಕೆ ಸಾಹಸವೇ ಸರಿ. ಮುಂದೆ ಅದು ಮಂಗಳೂರಿಗೆ ಸ್ಥಳಾಂತರಗೊಂಡಿತು. ಶಿವರಾಯರ ಮಾರ್ಗದರ್ಶನವು ದೀರ್ಘಕಾಲ ಅದಕ್ಕೆ ಲಭಿಸಿತು. ಪಟ್ಟಣದ ಠೇವಣಿದಾರನ ಹಣವು ಆ ಬ್ಯಾಂಕಿನ ಮೂಲಕ ಹಳ್ಳಿಯ ಸಂಘಕ್ಕೂ, ಅಲ್ಲಿಂದ ಬೆಟ್ಟುಗದ್ದೆಯ ಒಡೆಯನಿಗೂ ಹರಿಯುವಂತಾಯಿತು.

ಅವರ ಲಕ್ಷ್ಯವು ಹಣಕಾಸಿಗೆ ಸೀಮಿತವಾಗಿರಲಿಲ್ಲ. ೧೯೧೬ರಲ್ಲಿ ಪುತ್ತೂರಿನ ಕೊಂಬೆಟ್ಟಿನ ಪ್ರೌಢಶಾಲೆಯ ಸ್ಥಾಪನೆಯಲ್ಲಿ ಅವರ ಪಾತ್ರ ಮುಖ್ಯವಾದುದು. ಸಂಘದ ಲೆಕ್ಕ ಬರೆಯಲು, ಪತ್ರ ಓದಿ ಹೆಬ್ಬೆಟ್ಟೊತ್ತುವ ಮುನ್ನ ಅರ್ಥ ಮಾಡಿಕೊಳ್ಳಲು, ಹಳ್ಳಿಯ ಮಕ್ಕಳು ಓದಲೇಬೇಕೆಂಬುದು ಸಹಕಾರದ ಒಳಗುಟ್ಟೇ ಆಗಿದೆ. ತರುಣ ಕೋಟ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸುವುದಕ್ಕೂ ಶಿವರಾಯರ ಸ್ನೇಹವೇ ಕಾರಣವಾಯಿತು. ಇಬ್ಬರೂ ಕೂಡಿ ನಡೆಸಿದ ದಸರಾ ನಾಡಹಬ್ಬವು ಸಾಹಿತಿಗಳನ್ನೂ ಕಲಾವಿದರನ್ನೂ ಪುತ್ತೂರಿಗೆ ಕರೆತಂದಿತು. ವಯಸ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಿರಿಯನಾದ, ಯಾರ ಮಾತಿಗೂ ಮಣಿಯದ ತರುಣನನ್ನು ಬೆನ್ನು ತಟ್ಟಿ ಬೆಳೆಸುವ ಔದಾರ್ಯ ಎಲ್ಲ ಹಿರಿಯರಲ್ಲಿಯೂ ಇರುವುದಿಲ್ಲ.

ಅದೇ ಪುತ್ತೂರಿನ ವಾಸದ ಕಾಲದಲ್ಲಿ, ೧೯೩೩ರಲ್ಲಿ, ಕಾರಂತರ ಚೋಮನ ದುಡಿ ಕಾದಂಬರಿ ಪ್ರಕಟವಾಯಿತು. ಒಂದು ತುಂಡು ಗದ್ದೆಯನ್ನು ಸ್ವಂತವಾಗಿ ಉಳಬೇಕೆಂದು ಹಂಬಲಿಸಿ ಅದನ್ನು ಕಾಣದೆಯೇ ಸಾಯುವ ಅಸ್ಪೃಶ್ಯ ಜೀತದಾಳಿನ ಕಥೆಯದು. ಶಿವರಾಯರ ಜೀವನವನ್ನು ಬರೆಯುವವರು ಈ ಕಾದಂಬರಿಯನ್ನು ಪಕ್ಕದಲ್ಲಿಟ್ಟು ನೋಡುವುದು ನ್ಯಾಯ. ಪತ್ತಿನ ಸಂಘವು ಸಾಲ ಕೊಡುವುದು ಜಾಮೀನುಳ್ಳವನಿಗೆ. ಭೂಮಿಯಿದ್ದವನು ಮೊದಲು, ಮೂಲಗೇಣಿಯವನು ಅನಂತರ. ಚಾಲಗೇಣಿಯವನ ಸ್ಥಿತಿ ಅಸ್ಥಿರ. ಚೋಮನಿಗಂತೂ ಆ ಬಾಗಿಲು ಇರಲೇ ಇಲ್ಲ. ಆಟಿಯ ಹಸಿವು ಅತಿ ಹೆಚ್ಚಾಗಿ ಸುಟ್ಟಿದ್ದು ಅವನ ಗುಡಿಸಲನ್ನೇ. ಇದು ಶಿವರಾಯರೊಬ್ಬರ ಕೊರತೆಯಲ್ಲ, ಆ ಕಾಲದ ಸಹಕಾರ ಪದ್ಧತಿಯ ಎಲ್ಲೆ. ಈ ಎಲ್ಲೆಯನ್ನು ಅಳಿಸಲು ೧೯೭೪ರ ಭೂಸುಧಾರಣೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಗೇಣಿದಾರರು ಒಡೆಯರಾದದ್ದು ಆಗ. ಗೇಣಿಯೂ ಇಲ್ಲದ ಕೂಲಿಯವರಲ್ಲಿ ಬಹುಮಂದಿಗೆ ಅಂದಿಗೂ ಗದ್ದೆ ದಕ್ಕಲಿಲ್ಲ.

೧೯೩೦ರ ಸುಮಾರಿಗೆ ಜಗತ್ತಿಗೆಲ್ಲ ಬಡಿದ ಆರ್ಥಿಕ ಮುಗ್ಗಟ್ಟು ಸಹಕಾರ ಸಂಘಗಳನ್ನು ಅಲುಗಿಸಿತು. ಭತ್ತ ಅಡಿಕೆಗಳ ಬೆಲೆ ಕುಸಿದು, ಮದರಾಸು ಪ್ರಾಂತದಾದ್ಯಂತ ಸಾಲಗಳು ಬಾಕಿಯುಳಿದವು. ೧೯೩೮ರಲ್ಲಿ ರಾಜಾಜಿಯವರ ಸರಕಾರವು ರೈತರ ಋಣಭಾರವನ್ನು ತಗ್ಗಿಸುವ ಕಾನೂನನ್ನು ತರಬೇಕಾಯಿತು. ಆ ಕಷ್ಟಕಾಲದಲ್ಲಿಯೂ ದಕ್ಷಿಣ ಕನ್ನಡದ ಕೇಂದ್ರ ಬ್ಯಾಂಕು ನೆಲಕಚ್ಚದೆ ನಿಂತಿತು.

ಅದಕ್ಕಿಂತ ದೊಡ್ಡ ಪರೀಕ್ಷೆ ಯುದ್ಧದ ಕಾಲದ್ದು. ೧೯೪೨ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ, ಅಲ್ಲಿಂದ ದಕ್ಷಿಣ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಲದಲ್ಲಿ ಲಕ್ಷಾಂತರ ಜನರು ಹಸಿದು ಸತ್ತರು. ಮದರಾಸು ಪ್ರಾಂತದಲ್ಲಿ ಧಾನ್ಯದ ವಸೂಲಿಯೂ ಪಡಿತರವೂ ಜಾರಿಗೆ ಬಂದವು. ಆ ಪಡಿತರದ ವಿತರಣೆಯಲ್ಲಿ ಸಹಕಾರ ಸಂಘಗಳು ಸರಕಾರಕ್ಕೆ ಹೆಗಲಾದವು. ಅದುವರೆಗೆ ಹಣದ ಪೆಟ್ಟಿಗೆಯನ್ನು ಕಾಯುತ್ತಿದ್ದ ಸಂಘದ ಗುಮಾಸ್ತನು ಅಕ್ಕಿ ಅಳೆಯತೊಡಗಿದನು. ಸೀಮೆಎಣ್ಣೆ, ಸಕ್ಕರೆ, ಬಟ್ಟೆಗೂ ಜನರು ಸಂಘದ ಕಡೆ ನೋಡಿದರು. ರೈಫೈಸನ್ನರ ರೊಟ್ಟಿಯ ಸಂಘದಿಂದ ಹೊರಟ ಸಹಕಾರವು ನೂರು ವರ್ಷಕ್ಕೆ ಮತ್ತೆ ಅನ್ನದ ಬಳಿಗೇ ಬಂದಂತಾಯಿತು. ಯುದ್ಧ ಮುಗಿದರೂ ಆ ವ್ಯವಸ್ಥೆ ಮುಗಿಯಲಿಲ್ಲ. ಇಂದಿಗೂ ಆ ತಾಲೂಕುಗಳ ಬಹಳಷ್ಟು ಪ್ರಾಥಮಿಕ ಸಹಕಾರಿ ಸಂಘಗಳು ನ್ಯಾಯಬೆಲೆ ಅಂಗಡಿಗಳನ್ನು ನಡೆಸುತ್ತವೆ.

೧೯೫೬ರಲ್ಲಿ ಜಿಲ್ಲೆಯು ಕನ್ನಡ ನಾಡಿನೊಡನೆ ಕೂಡಿಕೊಂಡು, ಕಾಸರಗೋಡು ಕೇರಳಕ್ಕೆ ಹೋದಾಗ ಶಿವರಾಯರಿಗೆ ೭೬ ವರ್ಷ. ಅದೇ ವರ್ಷ, ಆಗ ಪುತ್ತೂರು ತಾಲೂಕಿಗೆ ಸೇರಿದ್ದ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ನಾಡು ತಿರುಗುತ್ತಿದ್ದ ದಿಕ್ಕಿಗೆ ಅದೊಂದು ಕೈಮರ. ೧೯೬೭ರಲ್ಲಿ ಶಿವರಾಯರು ಇಹಲೋಕದ ಯಾತ್ರೆಯನ್ನು ಮುಗಿಸಿದರು. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ದಿಕ್ಕೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ರೂಪುಗೊಂಡು ಬಂಡಸಾಲೆಯ ಹಿಡಿತವನ್ನು ಸಡಿಲಿಸಿತು. ೧೯೮೬ರಲ್ಲಿ ಪುತ್ತೂರಿನಲ್ಲಿಯೇ ಅದರ ಚಾಕಲೇಟು ಕಾರ್ಖಾನೆ ತೆರೆದು, ಅಡಿಕೆಯ ನೆರಳಿನಲ್ಲಿ ಕೋಕೋ ಬೆಳೆದವನಿಗೂ ಮಾರುಕಟ್ಟೆ ಸಿಕ್ಕಿತು. ಶಿವರಾಯರು ಉತ್ತ ನೆಲದಲ್ಲಿಯೇ ಈ ಫಸಲೂ ಬಂದುದೆಂದರೆ ಅತಿಶಯೋಕ್ತಿಯಾಗದು.

ಆದರೆ ಈ ಅಭ್ಯುದಯದೊಳಗೇ ಒಂದು ವಿಪರ್ಯಾಸವೂ ಅಡಗಿತ್ತು. ಭತ್ತಕ್ಕೆ ಕೂಲಿಯಾಳು ಹೆಚ್ಚು ಬೇಕು, ಬರುವ ಹಣ ಕಡಿಮೆ. ಅಡಿಕೆಗೆ ಆಳು ಕಡಿಮೆ, ಹಣ ಹೆಚ್ಚು. ಸಹಕಾರಿ ಸಂಘವು ಎಕರೆಗೆ ಕೊಡುವ ಬೆಳೆಸಾಲವೂ ಭತ್ತಕ್ಕಿಂತ ಅಡಿಕೆಗೆ ಬಹುಪಾಲು ಹೆಚ್ಚು. ಸಾಹುಕಾರನ ಭಯವಿಲ್ಲದೆ ತನ್ನ ಭೂಮಿಯಲ್ಲಿ ತನಗೆ ಬೇಕಾದುದನ್ನು ಬೆಳೆಯುವ ಸ್ವಾತಂತ್ರ್ಯ ಪಡೆದ ರೈತನು ಆ ಸ್ವಾತಂತ್ರ್ಯವನ್ನು ಅಡಿಕೆಗೆ ವಿನಿಯೋಗಿಸಿದನು. ಬೆಟ್ಟು ಮೊದಲು ಹೋಯಿತು, ಆಮೇಲೆ ಮಜಲು, ಕಡೆಗೆ ಬೈಲುಗದ್ದೆಗೂ ಅಡಿಕೆಯ ಸಸಿ ಇಳಿಯಿತು. ಅದರಿಂದ ಮಕ್ಕಳು ಓದಿದರು, ಹೆಂಚಿನ ಮನೆಗಳೆದ್ದವು. ಇದನ್ನು ಹಳಿಯುವುದು ಸಲ್ಲದು. ಗದ್ದೆಯೊಡನೆ ಬೈಹುಲ್ಲು ಹೋಯಿತು, ಹುಲ್ಲಿನೊಡನೆ ಹಟ್ಟಿಯ ದನಗಳೂ, ಅಕ್ಕಿಮುಡಿ ಕಟ್ಟುವ ಕೈಚಳಕವೂ ಹೋದವು. ಗದ್ದೆಯಂಚಿನ ಕೆಸುವನ್ನೂ ತಗಟೆಯನ್ನೂ ಗುರುತಿಸಬಲ್ಲ ಕಣ್ಣುಗಳು ಕಡಿಮೆಯಾದವು. ಇತ್ತ ಸುಳ್ಯದ ಸಂಪಾಜೆ, ಅರಂತೋಡುಗಳ ಸುತ್ತ ಅಡಿಕೆಗೆ ಹಳದಿ ಎಲೆ ರೋಗ ತಗಲಿ ತೋಟಗಳು ಬರಿದಾದಾಗ, ಆ ಮನೆಗಳಲ್ಲಿ ಹಣದ ಜೊತೆಗೆ ಅನ್ನಕ್ಕೂ ಚಿಂತೆ ಹುಟ್ಟಿತು. ಭತ್ತದ ಗದ್ದೆಯಿದ್ದ ಕಾಲದಲ್ಲಿ ಅಡಿಕೆ ಕೈಕೊಟ್ಟರೆ ಗಂಜಿಯಾದರೂ ಇತ್ತು.

ಕೂಡಿಡುವ ಹಳೆಯ ವಿದ್ಯೆಯು ಪೂರ್ಣವಾಗಿ ಅಳಿದಿಲ್ಲವೆಂಬುದು ಸಮಾಧಾನದ ಸಂಗತಿ. ೧೯೮೮ರಿಂದ ಪುತ್ತೂರಿನಲ್ಲಿ ಹೊರಬರತೊಡಗಿದ ಅಡಿಕೆ ಪತ್ರಿಕೆಯು, ಹೆಸರು ಅಡಿಕೆಯದಾದರೂ, ಹಲಸಿಗೆ ಮಾನ ತಂದುಕೊಡಲು ವರ್ಷಗಟ್ಟಲೆ ದುಡಿಯಿತು. ಪುತ್ತೂರಿಗೆ ಹೊಂದಿಕೊಂಡ ಕಾಸರಗೋಡಿನ ಗಡಿಯ ನೆಟ್ಟಣಿಗೆಯಲ್ಲಿ ಸತ್ಯನಾರಾಯಣ ಬೆಳೇರಿಯವರು ೬೫೦ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದುದಕ್ಕಾಗಿ ೨೦೨೪ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಅವರದು ಎಕರೆಗಟ್ಟಲೆಯ ಬೇಸಾಯವಲ್ಲ. ಹೆಚ್ಚಿನ ತಳಿಗಳು ಉಳಿದುದು ಸಣ್ಣ ಚೀಲಗಳ ಮಣ್ಣಿನಲ್ಲಿ.

ಪ್ರತಿವರ್ಷ ಆಗಸ್ಟ್ ೪ರಂದು ಶಿವರಾಯರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಆ ದಿನವು ಆಟಿ ತಿಂಗಳ ನಡುವಿನಲ್ಲಿಯೇ ಬರುತ್ತದೆ. ಹೊರಗೆ ಮಳೆ, ಸಂಘದ ಕಟ್ಟಡದ ಒಂದು ಕಿಟಕಿಯಲ್ಲಿ ತೋಟದ ಸಾಲದ ನವೀಕರಣಕ್ಕೆ ಬಂದ ರೈತರು, ಇನ್ನೊಂದು ಬಾಗಿಲಲ್ಲಿ ಚೀಲ ಹಿಡಿದು ಬೇರೆ ಸೀಮೆಯ ಅಕ್ಕಿಗಾಗಿ ಕಾಯುವವರು. ಸಾಲಿನಲ್ಲಿ ನಿಂತವರಲ್ಲಿ ಕೆಲವರು ಎರಡೂ ಕಡೆಗೆ ಸೇರಿದವರು.